ಇಲ್ಲದ್ದನ್ನು ಹುಡುಕುವ ಫಜೀತಿ

ಭಾರತದಲ್ಲಿ ಅತಿ ಹೆಚ್ಚು ಪುಸ್ತಕ ಬರೆದವರು ಯಾರೆಂದು ಕೇಳಿದರೆ, ಇಂಟರ್ನೆಟ್ ಆರ್ಕೈವ್‌ನ ಭಾರತೀಯ ಪುಸ್ತಕಗಳ ಪಟ್ಟಿಯಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿದವರು ‘ನಾಟ್ ಅವೈಲಬಲ್’ ಎಂದು ಉತ್ತರಿಸಿಯಾರು. ಈ ಮಹನೀಯರು ಬರೆಯದ ಭಾಷೆಯಿಲ್ಲ, ಮುಟ್ಟದ ವಿಷಯವಿಲ್ಲ. ವ್ಯಾಕರಣವಿರಲಿ, ವೈದ್ಯವಿರಲಿ, ಸ್ತೋತ್ರವಿರಲಿ, ಸರ್ಕಾರಿ ವರದಿಯೇ ಇರಲಿ, ಲೇಖಕರ ಜಾಗದಲ್ಲಿ ಇವರ ಹೆಸರು ಕೂತಿರುತ್ತದೆ.

ಈ ಲೇಖಕರ ಬೇರು ಬೆಂಗಳೂರಿನ ತನಕ ಹರಡಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಯೋಜನೆಗೆ ಕೈಹಾಕಿದಾಗ, ಭಾರತದ ಪಾಲಿನ ಕೆಲಸಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಮುಂದಾಳಾದರು. ಅದರಿಂದ ಹುಟ್ಟಿದ್ದು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’. ಮೂಲ ತಾಣ ಈಗಿಲ್ಲ. ಅಲ್ಲಿದ್ದ ಲಕ್ಷಾಂತರ ಪುಸ್ತಕಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದುಕೊಂಡಿವೆ. ಸ್ಕ್ಯಾನ್ ಮಾಡುವಾಗ ಪ್ರತಿ ಪುಸ್ತಕಕ್ಕೂ ಹೆಸರು, ಲೇಖಕ, ಪ್ರಕಾಶಕ, ವರ್ಷ ಎಂಬ ಕಾಲಂಗಳನ್ನು ತುಂಬಬೇಕಿತ್ತು. ಮುಖಪುಟ ಹರಿದಿದ್ದರೆ, ಲಿಪಿ ಓದಲು ಬಾರದಿದ್ದರೆ, ಅಥವಾ ಸುಮ್ಮನೆ ಆ ದಿನದ ಲೆಕ್ಕ ಮುಗಿಸುವ ಅವಸರವಿದ್ದರೆ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಲೇಖಕರ ಕಾಲಂನಲ್ಲಿ ‘ನಾಟ್ ಅವೈಲಬಲ್’ ಬಂತು.

ಈಗ ಯಾರೋ ಒಬ್ಬ ಉತ್ಸಾಹಿ ಈ ಪಟ್ಟಿಯನ್ನು ಸರಿಪಡಿಸಲು ಕೂತರು ಎಂದಿಟ್ಟುಕೊಳ್ಳಿ. ಮೊದಲು ಏಳುವ ಪ್ರಶ್ನೆ ಸರಳವಾದದ್ದು: ಲೇಖಕರ ಹೆಸರಿಲ್ಲದ ಪುಸ್ತಕಗಳು ಯಾವುವು? ಸರ್ಚ್ ಎಂಜಿನ್ನಿಗೆ ಇದನ್ನು ಕೇಳಿದರೆ, ಮೇಲಿನ ಮಹನೀಯರ ಒಂದು ಪುಸ್ತಕವೂ ಉತ್ತರದಲ್ಲಿ ಬರುವುದಿಲ್ಲ. ಅವಕ್ಕೆಲ್ಲ ಲೇಖಕರಿದ್ದಾರಲ್ಲ! ಸರ್ಚ್ ಎಂಜಿನ್ನಿನ ಪಾಲಿಗೆ ‘ನಾಟ್ ಅವೈಲಬಲ್’ ಎಂಬುದು ‘ಶಿವರಾಮ ಕಾರಂತ’ ಎಂಬಷ್ಟೇ ಗಟ್ಟಿಯಾದ ಹೆಸರು. ಇನ್ನು, ನಿಜವಾಗಿಯೂ ಖಾಲಿ ಬಿಟ್ಟ ಕಾಲಂಗಳಾದರೂ ಸುಲಭಕ್ಕೆ ಸಿಗುತ್ತವೆಯೇ ಎಂದರೆ, ಅಲ್ಲಿ ಬೇರೆಯದೇ ತೊಡಕು.

ಅದು ಅರ್ಥವಾಗಬೇಕಾದರೆ ಸರ್ಚ್ ಎಂಜಿನ್ ಹುಡುಕುವ ಬಗೆ ತಿಳಿಯಬೇಕು. ನಾವು ಒಂದು ಪದ ಕೊಟ್ಟಾಗ ಅದು ಲಕ್ಷ ದಾಖಲೆಗಳನ್ನು ಒಂದೊಂದಾಗಿ ತೆರೆದು ಓದುತ್ತಾ ಕೂರುವುದಿಲ್ಲ. ಓದುವ ಕೆಲಸ ಮೊದಲೇ ಮುಗಿದಿರುತ್ತದೆ. ದಾಖಲೆ ಒಳಗೆ ಬಂದ ದಿನವೇ ಅದರಲ್ಲಿನ ಪದಗಳನ್ನೆಲ್ಲ ಬಿಡಿಸಿ, ‘ಈ ಪದ ಇಂತಿಂಥ ದಾಖಲೆಗಳಲ್ಲಿದೆ’ ಎಂಬ ತಿರುವುಮುರುವಾದ ಪಟ್ಟಿಯೊಂದನ್ನು ಮಾಡಿಟ್ಟುಕೊಂಡಿರುತ್ತದೆ. ದಪ್ಪ ಪುಸ್ತಕಗಳ ಕೊನೆಯಲ್ಲಿ ಬರುವ ಪದಸೂಚಿಯ ಜಾತಿಯೇ ಇದು. ಉಪಾಯ ಹಳೆಯದು. ಸುಮಾರು 1230ರ ಹೊತ್ತಿಗೆ ಪ್ಯಾರಿಸ್ಸಿನ ಡೊಮಿನಿಕನ್ ಸನ್ಯಾಸಿಗಳು ಸೇಂಟ್ ಶೇರ್‌ನ ಹ್ಯೂ ಎಂಬವನ ನೇತೃತ್ವದಲ್ಲಿ ಇಡೀ ಬೈಬಲ್ಲಿನ ಪದಗಳಿಗೆ ಇಂಥ ಸೂಚಿ ಮಾಡಿದ್ದರು. ಅವರು ಕೂತು ಕೈಯಲ್ಲಿ ಮಾಡಿದ್ದನ್ನು 1999ರಲ್ಲಿ ಡಗ್ ಕಟಿಂಗ್ ಎಂಬ ಅಮೆರಿಕದ ಎಂಜಿನಿಯರ್ ಜಾವಾ ಭಾಷೆಯ ಒಂದು ಲೈಬ್ರರಿಯಾಗಿ ಬರೆದ. ಹೆಂಡತಿಯ ನಡುಹೆಸರನ್ನೇ ಅದಕ್ಕಿಟ್ಟ: ಲೂಸೀನ್. (ಮುಂದೆ ಮಗನ ಆಟದ ಆನೆಯ ಹೆಸರನ್ನು ಹಡೂಪ್ ಎಂಬ ಇನ್ನೊಂದು ಪ್ರಸಿದ್ಧ ತಂತ್ರಾಂಶಕ್ಕೆ ಇಟ್ಟವನೂ ಇವನೇ. ಹೆಸರು ಹುಡುಕಲು ಮನೆ ಬಿಟ್ಟು ಹೋದವನಲ್ಲ.) ಇಂದು ಅಂಗಡಿ ತಾಣ, ಪತ್ರಿಕೆಯ ಹಳೆಯ ಸಂಚಿಕೆಗಳು, ಕಚೇರಿಯ ಕಡತ ಎಂದು ಎಷ್ಟೋ ಕಡೆ ಹುಡುಕು ಪೆಟ್ಟಿಗೆಯ ಹಿಂದೆ ದುಡಿಯುತ್ತಿರುವುದು ಲೂಸೀನ್, ಇಲ್ಲವೇ ಅದರ ಮೇಲೆ ಕಟ್ಟಿದ ಸೋಲರ್ ಮತ್ತು ಎಲಾಸ್ಟಿಕ್‌ಸರ್ಚ್.

ಇಂಥ ಸೂಚಿಯಲ್ಲಿ ಇರುವುದಕ್ಕೆ ಮಾತ್ರ ಜಾಗ. ಒಂದು ಪುಸ್ತಕದ ವರ್ಷ 1936 ಎಂದಿದ್ದರೆ, ವರ್ಷದ ಕಾಲಂನ ಸೂಚಿಯಲ್ಲಿ 1936ರ ಎದುರು ಆ ಪುಸ್ತಕದ ಸಂಖ್ಯೆ ಸೇರುತ್ತದೆ. ವರ್ಷ ಬರೆಯದೇ ಹೋದರೆ? ಎಲ್ಲಿಯೂ ಏನೂ ಸೇರುವುದಿಲ್ಲ. ‘ಖಾಲಿ’ ಎಂಬ ಸಾಲು ತಾನಾಗಿ ಹುಟ್ಟುವುದಿಲ್ಲ.

ಮದುವೆಮನೆಯ ಮುಯ್ಯಿ ಪುಸ್ತಕ ನೆನೆಸಿಕೊಳ್ಳಿ. ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಮುಯ್ಯಿ ಮಾಡದವರ ಹೆಸರನ್ನು ಯಾರೂ ಬರೆದಿರುವುದಿಲ್ಲ. ಯಾರು ಮುಯ್ಯಿ ಮಾಡಲಿಲ್ಲ ಎಂದು ತಿಳಿಯಬೇಕಾದರೆ ಆ ಪುಸ್ತಕವನ್ನು ಎಷ್ಟು ಸಲ ತಿರುವಿದರೂ ಪ್ರಯೋಜನವಿಲ್ಲ. ಲಗ್ನಪತ್ರಿಕೆ ಹಂಚಿದ ಪಟ್ಟಿ ಬೇಕು. ಆ ಪಟ್ಟಿಯಿಂದ ಈ ಪುಸ್ತಕದಲ್ಲಿರುವವರನ್ನು ಹೊಡೆದುಹಾಕುತ್ತಾ ಹೋದರೆ ಉಳಿದವರು ಮುಯ್ಯಿ ಮಾಡದವರು.

ಸರ್ಚ್ ಎಂಜಿನ್ ಮಾಡುವುದೂ ಈ ಕಳೆಯುವ ಲೆಕ್ಕವನ್ನೇ. ಲೂಸೀನ್ ಮಾದರಿಯ ಕ್ವೆರಿಯಲ್ಲಿ, ಅಂದರೆ ಹುಡುಕಲು ಕೊಡುವ ಪ್ರಶ್ನೆಯಲ್ಲಿ, ‘ಎಲ್ಲ ದಾಖಲೆಗಳು’ ಎಂಬುದಕ್ಕೆ ಎರಡು ನಕ್ಷತ್ರ, ನಡುವೆ ಎರಡು ಚುಕ್ಕಿ: *:*. ‘ವರ್ಷದ ಕಾಲಂನಲ್ಲಿ ಏನಾದರೂ ಇರುವ ದಾಖಲೆಗಳು’ ಎಂಬುದಕ್ಕೆ ಮೊದಲಿಂದ ಕೊನೆಯ ತನಕದ ವ್ಯಾಪ್ತಿ ಕೊಡುತ್ತಾರೆ, ವರ್ಷ:[* ಟು *] ಎಂದು. ನಡುವಿನ ‘ಟು’ ರೋಮನ್ ದೊಡ್ಡಕ್ಷರದಲ್ಲಿ ಇರಬೇಕಷ್ಟೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ವರ್ಷವಿಲ್ಲದ ಪುಸ್ತಕಗಳು ಸಿಕ್ಕವು: *:* -ವರ್ಷ:[* ಟು *].

ನೋಡಲು ಇಷ್ಟೇ. ಹೊಸಬರು ಬೀಳುವ ಹಳ್ಳ ಇರುವುದು ಆ ಮೊದಲ ಭಾಗದಲ್ಲಿ. ‘ವರ್ಷ ಇಲ್ಲದ್ದು ಕೊಡು ಎಂದರೆ ಸಾಕಲ್ಲ, ಎಲ್ಲವನ್ನೂ ಕೊಡು ಎಂದು ಯಾಕೆ ಹೇಳಬೇಕು’ ಎಂದು ಅನಿಸಿ ಬರೀ -ವರ್ಷ:[* ಟು *] ಎಂದು ಬರೆಯುತ್ತಾರೆ. ಅಪ್ಪಟ ಲೂಸೀನ್ ಇದಕ್ಕೆ ಕೊಡುವ ಉತ್ತರ ಸೊನ್ನೆ. ಏನನ್ನೂ ಕೂಡಿಸದೆ ಕಳೆಯಲು ಹೇಳಿದರೆ ಖಾಲಿ ಚೀಲದಿಂದ ತೆಗೆಯುವುದೇನು? ಸೋಲರ್ ಈ ವಿಷಯದಲ್ಲಿ ಸ್ವಲ್ಪ ಕರುಣೆ ತೋರುತ್ತದೆ. ಇಡೀ ಕ್ವೆರಿಯೇ ಕಳೆಯುವ ಲೆಕ್ಕವಾಗಿದ್ದರೆ *:* ಅನ್ನು ತಾನೇ ಮುಂದೆ ಸೇರಿಸಿಕೊಳ್ಳುತ್ತದೆ. ಆದರೆ ಅದೇ ಕಳೆಯುವ ಭಾಗವನ್ನು ಕಂಸದೊಳಗೆ ಕೂರಿಸಿ, ‘ಭಾಷೆ ಕನ್ನಡ ಆಗಿರಬೇಕು, ಜೊತೆಗೆ (ವರ್ಷ ಇರಬಾರದು)’ ಎಂದು ಕೇಳಿದಿರೋ, ಕರುಣೆ ಕಂಸದ ಹೊರಗೇ ನಿಲ್ಲುತ್ತದೆ. ಮತ್ತೆ ಸೊನ್ನೆ.

ಈ ಸೊನ್ನೆಗೆ ನಾನು ಹೆದರುವಷ್ಟು ಬೇರೆ ಯಾವ ತಪ್ಪಿಗೂ ಹೆದರುವುದಿಲ್ಲ. ಕ್ವೆರಿ ಮುರಿದು ಕೆಂಪಕ್ಷರದ ಸಂದೇಶ ಬಂದರೆ ಯಾರಾದರೂ ರಿಪೇರಿಗೆ ಕೂರುತ್ತಾರೆ. ಇಲ್ಲಿ ಯಾವ ಸಂದೇಶವೂ ಬರುವುದಿಲ್ಲ. ‘ವರ್ಷವಿಲ್ಲದ ಕನ್ನಡ ಪುಸ್ತಕಗಳು: 0’ ಎಂದು ಅಚ್ಚುಕಟ್ಟಾದ ಉತ್ತರ ಬರುತ್ತದೆ. ‘ಎಲ್ಲ ಭರ್ತಿಯಾಗಿದೆ’ ಎಂದು ಮೇಲಿನವರಿಗೆ ವರದಿ ಹೋಗುತ್ತದೆ. ಉಳಿದ ಯಾವ ಹುಡುಕಾಟದಲ್ಲೂ ಸೊನ್ನೆ ಬಂದರೆ ಅನುಮಾನ ಹುಟ್ಟುತ್ತದೆ. ಖಾಲಿ ಕಾಲಂಗಳ ಹುಡುಕಾಟದಲ್ಲಿ ಮಾತ್ರ ಸೊನ್ನೆ ಸಿಹಿಸುದ್ದಿಯ ವೇಷದಲ್ಲಿ ಬರುತ್ತದೆ. ಅದಕ್ಕೇ ಇಂಥ ಕ್ವೆರಿ ಬರೆದಾಗ, ಖಾಲಿ ಇದೆಯೆಂದು ಖಚಿತವಾಗಿ ಗೊತ್ತಿರುವ ಒಂದು ದಾಖಲೆಯಾದರೂ ಉತ್ತರದಲ್ಲಿ ಬಂತೇ ಎಂದು ನೋಡಿಕೊಳ್ಳುವುದು ಅನುಭವಿಗಳ ರೂಢಿ. ಇನ್ನೊಂದು ತಾಳೆಯೂ ಉಂಟು. ಇರುವವು, ಇಲ್ಲದವು, ಎರಡನ್ನೂ ಕೂಡಿಸಿದರೆ ಒಟ್ಟು ಲೆಕ್ಕ ಬರಬೇಕು. ಬಾರದಿದ್ದರೆ ಕ್ವೆರಿ ಎಲ್ಲೋ ಸುಳ್ಳು ಹೇಳುತ್ತಿದೆ.

ಕಳೆಯುವ ಲೆಕ್ಕ ಕಂಪ್ಯೂಟರಿಗೆ ಭಾರವೇ ಎಂದರೆ, ಕಳೆಯುವುದು ಭಾರವಲ್ಲ. ದಾಖಲೆಗೊಂದು ಬಿಟ್‌ನಂತೆ ಹತ್ತು ಲಕ್ಷ ದಾಖಲೆಗಳ ‘ಇದೆ–ಇಲ್ಲ’ ಪಟ್ಟಿ 1.25 ಲಕ್ಷ ಬೈಟ್‌ಗಳಲ್ಲಿ ಮುಗಿಯುತ್ತದೆ. ಮೊಬೈಲಿನ ಒಂದು ಫೋಟೊ ಇದಕ್ಕಿಂತ ಎಷ್ಟೋ ದೊಡ್ಡದು. ಒಂದನ್ನು ಸೊನ್ನೆ, ಸೊನ್ನೆಯನ್ನು ಒಂದು ಮಾಡಿದರೆ ಕೆಲಸ ಆಯಿತು. ಭಾರವಿರುವುದು ಅದಕ್ಕೂ ಮುಂಚಿನ ಹೆಜ್ಜೆಯಲ್ಲಿ, ‘ಏನಾದರೂ ಇರುವ ದಾಖಲೆಗಳು’ ಯಾವುವೆಂದು ಕಂಡುಕೊಳ್ಳುವುದರಲ್ಲಿ. ವರ್ಷದ ಕಾಲಂ ಆದರೆ ನೂರಾರು ಬೇರೆಬೇರೆ ಬೆಲೆಗಳು (ತುಂಬಿದ ಮೌಲ್ಯಗಳು) ಇರಬಹುದು, ಅಷ್ಟನ್ನು ಸುತ್ತಿ ಬಂದರಾಯಿತು. ಶೀರ್ಷಿಕೆಯ ಕಾಲಂನಲ್ಲಿ ಲಕ್ಷಾಂತರ ಪದಗಳು. ‘ಏನಾದರೂ’ ಎಂಬ ಸಣ್ಣ ಮಾತಿಗಾಗಿ ಅಷ್ಟೂ ಪದಗಳ ಪಟ್ಟಿಯನ್ನು ತಡಕಬೇಕು. ಇದನ್ನು ತಪ್ಪಿಸಲು ಎಲಾಸ್ಟಿಕ್‌ಸರ್ಚ್ ಒಂದು ಜಾಣತನ ಮಾಡಿತು. ದಾಖಲೆ ಒಳಬರುವಾಗಲೇ ಅದರಲ್ಲಿ ತುಂಬಿರುವ ಕಾಲಂಗಳ ಹೆಸರುಗಳನ್ನೇ ಪದಗಳೆಂದು ಬಗೆದು ಪ್ರತ್ಯೇಕ ಸೂಚಿಯೊಂದಕ್ಕೆ ಸೇರಿಸಿತು. ಆಮೇಲೆ ‘ವರ್ಷ ಎಂಬ ಹೆಸರು ಯಾವ ದಾಖಲೆಗಳ ಎದುರಿದೆ’ ಎಂದು ಒಂದೇ ಸಲ ನೋಡಿದರೆ ಸಾಕು. 2012ರಲ್ಲಿ ಲೂಸೀನ್‌ನ ನಾಲ್ಕನೇ ಆವೃತ್ತಿಯೊಂದಿಗೆ ಕಾಲಂವಾರು ಬೆಲೆಗಳನ್ನು ಜೋಡಿಸಿಡುವ ‘ಡಾಕ್ ವ್ಯಾಲ್ಯೂಸ್’ ಬಂದಿತ್ತು. ಮುಂದೆ ಬಹುತೇಕ ಕಾಲಂಗಳಿಗೆ ಆ ಜೋಡಣೆಯನ್ನೇ ನೋಡಿ ಇದೆ–ಇಲ್ಲ ಹೇಳುವಂತಾಯಿತು.

ಎಲಾಸ್ಟಿಕ್‌ಸರ್ಚ್‌ನಲ್ಲಿ ಹಿಂದೆ ಇದಕ್ಕೆಂದೇ ‘ಮಿಸ್ಸಿಂಗ್’ ಎಂಬ ಕ್ವೆರಿ ಇತ್ತು. ಐದನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಈಗ ‘ಎಕ್ಸಿಸ್ಟ್ಸ್’ ಕ್ವೆರಿ ಬರೆದು ಅದನ್ನು ‘ಮಸ್ಟ್ ನಾಟ್’ ಒಳಗೆ ಇಡಬೇಕು. ತೆಗೆದದ್ದಕ್ಕೆ ಗೊಣಗಿದವರುಂಟು. ನನಗೆ ಮಾತ್ರ ಆ ತೀರ್ಮಾನ ಸರಿ ಎನಿಸುತ್ತದೆ. ‘ಕಾಣೆಯಾದದ್ದು’ ಎಂಬ ಕ್ವೆರಿಯೊಂದು ಇದ್ದರೆ, ಕಾಣೆಯಾದದ್ದು ಎಂಬ ಸಂಗತಿಯನ್ನು ಯಾರೋ ಎಲ್ಲೋ ಬರೆದಿಟ್ಟಿದ್ದಾರೆ ಎಂಬ ಭ್ರಮೆ ಹುಟ್ಟುತ್ತದೆ. ಸೂಚಿಯಲ್ಲಿ ಬರೆದಿರುವುದು ಇರುವಿಕೆ ಮಾತ್ರ.

ಇಷ್ಟಾದರೂ ‘ಇಲ್ಲ’ ಎಂದರೆ ಏನೆಂಬುದು ಇತ್ಯರ್ಥವಾಗಲಿಲ್ಲ. ಎಲಾಸ್ಟಿಕ್‌ಸರ್ಚ್‌ನ ಕಣ್ಣಲ್ಲಿ ಕಾಲಂ ಪೂರ್ತಿ ಬಿಟ್ಟುಹೋಗಿದ್ದರೆ ಇಲ್ಲ, ‘ನಲ್’ ಎಂಬ ಖಾಲಿಯ ಸಂಕೇತ ಕೊಟ್ಟಿದ್ದರೂ ಇಲ್ಲ, ಬರೀ ಖಾಲಿ ಪಟ್ಟಿಯಾಗಿದ್ದರೂ ಇಲ್ಲ. ಆದರೆ ಒಂದಕ್ಷರವೂ ಇಲ್ಲದ ಖಾಲಿ ಉದ್ಧರಣ ಚಿಹ್ನೆ ಕೊಟ್ಟಿದ್ದರೆ ಅದು ‘ಇದೆ’. ಸಣ್ಣ ಅಡ್ಡಗೆರೆ ಎಳೆದಿದ್ದರೆ ಅದೂ ‘ಇದೆ’. ಫಾರಂ ತುಂಬುವಾಗ ಕೆಂಪು ನಕ್ಷತ್ರದ ಕಾಟ ತಪ್ಪಿಸಿಕೊಳ್ಳಲು ನಾವೆಲ್ಲ ಒತ್ತಿದ ಆ ಅಡ್ಡಗೆರೆ, ಚುಕ್ಕಿ, ‘ಎನ್‌ಎ’, ಹತ್ತು ಒಂಬತ್ತುಗಳ ಮೊಬೈಲ್ ನಂಬರ್ ಇವೆಲ್ಲ ಸೂಚಿಯಲ್ಲಿ ಗೌರವಾನ್ವಿತ ಬೆಲೆಗಳಾಗಿ ಕೂತಿವೆ. ಕಡ್ಡಾಯ ಮಾಡಿದರೆ ಮಾಹಿತಿ ಬರುತ್ತದೆ ಎಂದು ನಂಬಿದವರು ಈ ಅಡ್ಡಗೆರೆಗಳ ಸಂಖ್ಯೆಯನ್ನೊಮ್ಮೆ ಎಣಿಸಬೇಕು.

ಇದರ ತದ್ವಿರುದ್ಧ ಚಮತ್ಕಾರವೂ ನಡೆಯುತ್ತದೆ. ಪರದೆಯ ಮೇಲೆ ಬೆಲೆ ಕಾಣುತ್ತದೆ, ಆದರೆ ‘ಇಲ್ಲದವುಗಳ’ ಪಟ್ಟಿಯಲ್ಲಿ ಆ ದಾಖಲೆ ಬಂದಿರುತ್ತದೆ. ವರ್ಷದ ಕಾಲಂಗೆ ಅಂಕಿ ಮಾತ್ರ ಎಂದು ವಿಧಿಸಿ, ತಪ್ಪಿದರೆ ಗದರಬೇಡ, ಸುಮ್ಮನೆ ಬಿಟ್ಟುಬಿಡು ಎಂದು ಹೇಳಿಟ್ಟಿರುತ್ತಾರೆ. ಯಾರೋ ಪ್ರಾಮಾಣಿಕರು ‘ಸು. 1936’ ಎಂದು ಬರೆಯುತ್ತಾರೆ. ಆ ‘ಸು.’ದಿಂದಾಗಿ ಅದು ಅಂಕಿಯಾಗಲಿಲ್ಲ. ದಾಖಲೆ ಒಳಗೆ ಹೋಯಿತು, ಮೂಲ ಪ್ರತಿಯಲ್ಲಿ ‘ಸು. 1936’ ಉಳಿಯಿತು, ಸೂಚಿಗೆ ಮಾತ್ರ ಏನೂ ಸೇರಲಿಲ್ಲ. ಉದ್ದದ ಬೆಲೆಗಳ ಗತಿಯೂ ಇದೇ. ಯಾವ ಏರ್ಪಾಡೂ ಮಾಡದೆ ಎಲಾಸ್ಟಿಕ್‌ಸರ್ಚ್‌ಗೆ ಒಂದು ಪಠ್ಯವನ್ನು ಕೊಟ್ಟರೆ, ಅದನ್ನು ಇಡಿಯಾಗಿ ಹೋಲಿಸಿ ನೋಡಲೆಂದು ಅದು ಮಾಡಿಕೊಳ್ಳುವ ಉಪಕಾಲಂ 256 ಅಕ್ಷರ ಮೀರಿದ್ದನ್ನು ಮುಟ್ಟುವುದಿಲ್ಲ. ಗ್ರಂಥಕರ್ತರ ಬಿರುದು, ಪೋಷಕರ ಸ್ತುತಿ, ಮುದ್ರಣಾಲಯದ ವಿಳಾಸ ಎಲ್ಲವನ್ನೂ ಮುಖಪುಟದಲ್ಲಿ ತುಂಬಿದ ಹಳೆಯ ಪುಸ್ತಕದ ಶೀರ್ಷಿಕೆಯನ್ನು ಹಾಗೇ ನಕಲು ಮಾಡಿದವರು ಅದು ‘ಇಲ್ಲ’ ಎಂಬ ಪಟ್ಟಿಯಲ್ಲಿ ಬಂದದ್ದನ್ನು ನೋಡಿ ಕಣ್ಣುಜ್ಜಿಕೊಳ್ಳಬೇಕಾಗುತ್ತದೆ. ಹೀಗೆ ಬಿಟ್ಟುಹೋದ ಕಾಲಂಗಳ ಹೆಸರನ್ನು ಬರೆದಿಡುವ ವ್ಯವಸ್ಥೆ ಆಮೇಲಿನ ಆವೃತ್ತಿಗಳಲ್ಲಿ ಬಂದಿದೆ, ಆದರೆ ಅದನ್ನು ತೆರೆದು ನೋಡುವ ಅಭ್ಯಾಸ ಕಡಿಮೆ. ಒಟ್ಟಿನಲ್ಲಿ ಖಾಲಿಯ ಕ್ವೆರಿ ಹೇಳುವುದು ಸೂಚಿಯ ಸಂಗತಿಯನ್ನು. ಪುಸ್ತಕದ ಸಂಗತಿ ಬೇರೆಯೇ ಇರಬಹುದು.

ಮಾಮೂಲಿ ಡೇಟಾಬೇಸ್‌ನಿಂದ ಸರ್ಚ್ ಎಂಜಿನ್ನಿಗೆ ಬಂದವರಿಗೆ ಇನ್ನೊಂದು ಎಡವು ಕಾದಿರುತ್ತದೆ. ‘ಮೈಸೂರಿನಲ್ಲಿ ಅಚ್ಚಾಗದ ಪುಸ್ತಕಗಳನ್ನು ಕೊಡು’ ಎಂದು ಎರಡೂ ಕಡೆ ಕೇಳಿ ನೋಡಿ. ಸರ್ಚ್ ಎಂಜಿನ್ ಎಲ್ಲ ಪುಸ್ತಕಗಳಿಂದ ಮೈಸೂರಿನವನ್ನು ಕಳೆಯುತ್ತದೆ. ಹಾಗಾಗಿ ಊರೇ ಬರೆಯದ ಪುಸ್ತಕಗಳೂ ಉತ್ತರದೊಳಗೆ ಬಂದು ಕೂರುತ್ತವೆ. ಎಸ್‌ಕ್ಯೂಎಲ್ ಡೇಟಾಬೇಸ್ ಅವನ್ನು ಹೊರಗಿಡುತ್ತದೆ. ಅದರ ತರ್ಕದಲ್ಲಿ ಹೌದು, ಅಲ್ಲ ಎಂಬ ಎರಡರ ಜೊತೆ ‘ತಿಳಿಯದು’ ಎಂಬ ಮೂರನೆಯ ಉತ್ತರವಿದೆ. ಊರು ಬರೆದಿಲ್ಲವೆಂದರೆ ಅದು ಮೈಸೂರು ಆಗಿರಲೂಬಹುದಲ್ಲ, ಗೊತ್ತಿಲ್ಲದ್ದನ್ನು ‘ಅಲ್ಲ’ ಎಂದು ಹೇಗೆ ಹೇಳಲಿ ಎಂಬ ವಕೀಲರ ನಿಲುವು ಅದರದ್ದು. ಒಂದೇ ಪ್ರಶ್ನೆ, ಒಂದೇ ಮಾಹಿತಿ, ಎರಡು ಲೆಕ್ಕ. ಹಳೆಯ ಡೇಟಾಬೇಸ್‌ನಿಂದ ಹೊಸ ಸರ್ಚ್‌ಗೆ ವರದಿಗಳನ್ನು ಬದಲಾಯಿಸಿದ ವಾರದಲ್ಲಿ ಅಂಕಿಗಳು ಕುಣಿಯುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ ಇರುತ್ತದೆ. ಇದರ ಮೇಲೆ ಆರಕಲ್ ಡೇಟಾಬೇಸ್‌ನದ್ದು ಬೇರೆ ವರಸೆ. ಖಾಲಿ ಪಠ್ಯ ಕೊಟ್ಟರೂ ಅದು ‘ನಲ್’ ಎಂದೇ ಎಣಿಸುತ್ತದೆ. ಅಲ್ಲಿ ಇಲ್ಲದ್ದಾಗಿದ್ದ ಬೆಲೆ, ವರ್ಗಾಯಿಸುವ ಪ್ರೋಗ್ರಾಂ ಅದನ್ನು ಖಾಲಿ ಉದ್ಧರಣವಾಗಿ ಬರೆದರೆ, ಇಲ್ಲಿ ಇರುವಂಥದ್ದಾಗಿಬಿಡುತ್ತದೆ.

ಖಾಲಿಯ ಬಗ್ಗೆ ಡೇಟಾಬೇಸ್ ಪಂಡಿತರ ಜಗಳ ಐವತ್ತು ವರ್ಷ ಹಳೆಯದು. ಸಂಬಂಧಾತ್ಮಕ ಮಾದರಿಯನ್ನು 1970ರಲ್ಲಿ ಕೊಟ್ಟ ಎಡ್ಗರ್ ಕಾಡ್, ಮುಂದೆ ಒಂದೇ ‘ನಲ್’ ಸಾಲದೆಂದು ಎರಡು ಗುರುತುಗಳನ್ನು ಸೂಚಿಸಿದರು: ಬೆಲೆ ಉಂಟು ಆದರೆ ನಮಗೆ ಗೊತ್ತಿಲ್ಲ ಎನ್ನುವುದಕ್ಕೆ ಒಂದು, ಈ ದಾಖಲೆಗೆ ಆ ಕಾಲಂ ಅನ್ವಯಿಸುವುದೇ ಇಲ್ಲ ಎನ್ನುವುದಕ್ಕೆ ಇನ್ನೊಂದು. ಅದಕ್ಕೂ ಮುಂಚೆ, 1975ರಲ್ಲಿ, ಅಮೆರಿಕದ ಮಾನಕ ಸಮಿತಿಯೊಂದರ ವರದಿ ಖಾಲಿಯ 14 ಬಗೆಗಳನ್ನು ಪಟ್ಟಿ ಮಾಡಿತ್ತು. ಹದಿನಾಲ್ಕು ಅತಿಯಾಯಿತು ಎನಿಸಬಹುದು, ಆದರೆ ಒಂದು ಮಾತ್ರ ಸಾಲದು ಎಂಬುದಕ್ಕೆ ನಮ್ಮ ನಾಡಿನ ಕಲ್ಲುಗಳೇ ಸಾಕ್ಷಿ ಹೇಳುತ್ತವೆ.

ಬಾದಾಮಿಯ ಕೋಟೆಯ ಬಂಡೆಯ ಮೇಲೆ ಒಂದನೇ ಪುಲಕೇಶಿ ಬರೆಸಿದ ಶಾಸನದಲ್ಲಿ ಶಕವರ್ಷ 465 ಎಂದು ಸ್ಪಷ್ಟವಾಗಿದೆ, ಅಂದರೆ ಕ್ರಿ.ಶ. 543. ಕಾಲದ ಕಾಲಂ ತುಂಬಲು ತಕರಾರಿಲ್ಲ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಎಂ.ಎಚ್. ಕೃಷ್ಣ 1936ರಲ್ಲಿ ಬೆಳಕಿಗೆ ತಂದ ಶಾಸನದಲ್ಲಿ ವರ್ಷದ ಉಲ್ಲೇಖವೇ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಕದಂಬ ಅರಸನ ಹೆಸರು ಇವುಗಳ ಮೇಲಿಂದ ಸುಮಾರು ಕ್ರಿ.ಶ. 450 ಎಂದು ವಿದ್ವಾಂಸರು ಕಟ್ಟಿದ ಕಾಲ ಅದು. ಈಗ ಶಾಸನಗಳ ಒಂದು ಡಿಜಿಟಲ್ ಸೂಚಿ ಮಾಡುವವರು ಆ ಕಾಲಂನಲ್ಲಿ ಏನು ಬರೆಯಬೇಕು? 450 ಎಂದು ಬರೆದರೆ, ಕಲ್ಲಿನಲ್ಲಿ ಕೊರೆದ ತೇದಿಗೂ ವಿದ್ವಾಂಸರ ಅಂದಾಜಿಗೂ ವ್ಯತ್ಯಾಸ ಅಳಿಸಿಹೋಯಿತು. ‘ತೇದಿಯಿಲ್ಲದ ಶಾಸನಗಳು’ ಎಂದು ಹುಡುಕುವ ಸಂಶೋಧಕರಿಗೆ ಹಲ್ಮಿಡಿ ಸಿಗುವುದಿಲ್ಲ. ಖಾಲಿ ಬಿಟ್ಟರೆ, ‘ಐದನೇ ಶತಮಾನದ ಕನ್ನಡ ಶಾಸನಗಳು’ ಎಂದು ಹುಡುಕುವ ವಿದ್ಯಾರ್ಥಿಗೆ ಆ ಕಾಲದ ಅತಿ ಪ್ರಸಿದ್ಧ ಶಾಸನವೇ ಕಾಣಿಸುವುದಿಲ್ಲ. ನನ್ನ ಪಕ್ಷ ಯಾವುದೆಂದರೆ, ಎರಡು ಕಾಲಂ ಮಾಡಿ: ಶಾಸನವೇ ಹೇಳುವ ಕಾಲ ಒಂದರಲ್ಲಿ, ನಿರ್ಣಯಿಸಿದ ಕಾಲದ ಶುರು ಮತ್ತು ಕೊನೆ ಇನ್ನೊಂದರಲ್ಲಿ. ಇಂಥ ವ್ಯಾಪ್ತಿಗಳನ್ನು ಹಾಗೇ ಸೂಚಿಗೆ ಸೇರಿಸುವ ಸೌಲಭ್ಯ ಈಗಿನ ಸರ್ಚ್ ಎಂಜಿನ್‌ಗಳಲ್ಲಿದೆ. ಹಲ್ಮಿಡಿಯ ಮೊದಲ ಕಾಲಂ ಖಾಲಿಯೇ ಇರಲಿ. ಆ ಖಾಲಿ ಒಂದು ಮಾಹಿತಿ.

ವಿಕಿಪೀಡಿಯದ ಬಳಗಕ್ಕೆ ಸೇರಿದ, 2012ರಲ್ಲಿ ಶುರುವಾದ ವಿಕಿಡೇಟಾ ಈ ವಿಷಯದಲ್ಲಿ ಉಳಿದವರಿಗಿಂತ ಒಂದು ಹೆಜ್ಜೆ ಮುಂದಿದೆ. ಒಬ್ಬ ವ್ಯಕ್ತಿಯ ಸಾವಿನ ದಿನದ ಎದುರು ಏನೂ ಬರೆಯದೇ ಇರಬಹುದು. ‘ಬೆಲೆ ತಿಳಿದಿಲ್ಲ’ ಎಂಬ ಗುರುತನ್ನು ಹಾಕಬಹುದು, ಅಂದರೆ ಸತ್ತದ್ದು ನಿಜ, ದಿನ ಗೊತ್ತಿಲ್ಲ. ಮಕ್ಕಳ ಎದುರು ‘ಬೆಲೆ ಇಲ್ಲ’ ಎಂಬ ಗುರುತು ಹಾಕಿದರೆ ಮಕ್ಕಳಿರಲಿಲ್ಲ ಎಂಬುದೇ ತಿಳಿದ ಸಂಗತಿಯಾಯಿತು. ಏನೂ ಬರೆಯದಿದ್ದರೆ ಯಾರೂ ಇನ್ನೂ ಆ ಕಡೆ ನೋಡಿಲ್ಲ ಎಂದರ್ಥ. ಈ ಮೂರೂ ಒಂದೇ ಬಿಳಿ ಜಾಗವಾಗಿ ಕಾಣುತ್ತಿದ್ದರೆ ಕೆಲಸ ಮಾಡುವವರಿಗೆ ಮುಗಿದದ್ದು ಯಾವುದು, ಬಾಕಿ ಯಾವುದು ಎಂದು ತಿಳಿಯುವುದೇ ಇಲ್ಲ.

ಮನುಷ್ಯರ ಹೆಸರಿಗೆ ಬಂದಾಗ ಈ ಬಿಳಿ ಜಾಗ ವಿಮಾನ ನಿಲ್ದಾಣದ ತನಕ ಹಿಂಬಾಲಿಸುತ್ತದೆ. ಅಪ್ಪನ ಹೆಸರಿನ ಮೊದಲಕ್ಷರ, ಊರಿನ ಮೊದಲಕ್ಷರ, ಆಮೇಲೆ ತನ್ನ ಹೆಸರು ಎಂಬ ನಮ್ಮ ಹಳೆಯ ಕ್ರಮದಲ್ಲಿ ಸರ್‌ನೇಮ್ ಎಂಬ ಕಾಲಂಗೆ ಹೋಗಬೇಕಾದದ್ದು ಏನೂ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಹೆಸರಿನ ಎರಡು ಕಾಲಂಗಳಲ್ಲಿ ಒಂದನ್ನೇ ತುಂಬಿದ್ದವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಬರುತ್ತದೆ, ಮೊದಲ ಹೆಸರು ತಿಳಿದಿಲ್ಲ ಎಂಬುದರ ಹ್ರಸ್ವರೂಪ. ಅಲ್ಲಿಂದ ಅದು ಡ್ರೈವಿಂಗ್ ಲೈಸೆನ್ಸ್‌ಗೆ, ಬ್ಯಾಂಕಿಗೆ, ಆಸ್ಪತ್ರೆಯ ಸರದಿಗೆ ದಾಟುತ್ತದೆ. ನರ್ಸ್ ಹೊರಗೆ ಬಂದು ‘ಫ್ನೂ’ ಎಂದು ಕೂಗಿದರೆ ಎದ್ದುನಿಲ್ಲಬೇಕಾದವರು ನಮ್ಮವರೇ. ಆ ದೇಶದ ಸೂಚಿಗಳಲ್ಲಿ ಮೊದಲ ಹೆಸರಿಲ್ಲದವರನ್ನು ಹುಡುಕಿದರೆ ಇವರು ಸಿಗುವುದಿಲ್ಲ, ಹೆಸರಿದೆಯಲ್ಲ! 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನ, ಪಾಸ್‌ಪೋರ್ಟ್‌ನಲ್ಲಿ ಒಂಟಿ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲ ಎಂದಾಗ ಖಾಲಿ ಕಾಲಂ ಒಂದು ಗೇಟೇ ಆಯಿತು.

ಕ್ಯಾಲಿಫೋರ್ನಿಯದ ಭದ್ರತಾ ಸಂಶೋಧಕರೊಬ್ಬರದು ಇದೇ ರೋಗದ ತಮಾಷೆಯ ರೂಪ. ಅಲ್ಲಿ ದುಡ್ಡು ಕೊಟ್ಟರೆ ಬೇಕಾದ ಅಕ್ಷರಗಳ ನಂಬರ್ ಪ್ಲೇಟ್ ಸಿಗುತ್ತದೆ. ಇವರು ಕಂಪ್ಯೂಟರನ್ನು ಕೆಣಕಲೆಂದೇ ‘ನಲ್’ ಎಂಬ ಪ್ಲೇಟ್ ತೆಗೆದುಕೊಂಡರು. ನಂಬರ್ ಬರೆಯದೇ ಬಿಟ್ಟ ದಂಡದ ಚೀಟಿಗಳೆಲ್ಲ ಇವರ ಮನೆಗೆ ಬರತೊಡಗಿದವು. ಮೊತ್ತ 12,000 ಡಾಲರ್ ದಾಟಿತೆಂದು 2019ರಲ್ಲಿ ಲಾಸ್ ವೇಗಸ್‌ನ ಡೆಫ್ ಕಾನ್ ಸಮ್ಮೇಳನದಲ್ಲಿ ಅವರೇ ಹೇಳಿಕೊಂಡರು. ‘ಖಾಲಿ’ ಎಂಬುದನ್ನು ಸೂಚಿಯಲ್ಲಿ ಹುಡುಕಲು ಅನುಕೂಲವಾಗಲೆಂದು ಅದರ ಜಾಗದಲ್ಲಿ ಒಂದು ಪದ ತುಂಬುವ ಸೌಲಭ್ಯ ಎಲಾಸ್ಟಿಕ್‌ಸರ್ಚ್‌ನಲ್ಲೂ ಇದೆ. ಬಳಸಬಾರದೆಂದಲ್ಲ. ಆದರೆ ಆರಿಸುವ ಪದ ಯಾರ ಹೆಸರೂ, ಯಾರ ಊರೂ, ಯಾರ ಗಾಡಿಯ ನಂಬರೂ ಆಗಿರಲಾರದಂಥದ್ದು ಎಂಬ ಖಾತರಿ ಬೇಕು.

ಇಷ್ಟೆಲ್ಲ ಕ್ಯಾಟಲಾಗ್ ಮಾಡುವವರ ತಲೆನೋವು, ನಮಗೇನು ಎನ್ನುವವರು ಬಾಡಿಗೆ ಮನೆಯ ತಾಣವೊಂದನ್ನು ತೆರೆಯಲಿ. ಎಡಬದಿಯಲ್ಲಿ ‘ಪಾರ್ಕಿಂಗ್ ಇದೆ’ ಎಂಬುದಕ್ಕೆ ಟಿಕ್ ಹಾಕಿದ ಕ್ಷಣ, ಪಾರ್ಕಿಂಗ್ ಇಲ್ಲದ ಮನೆಗಳ ಜೊತೆ, ಆ ಕಾಲಂ ತುಂಬದೇ ಬಿಟ್ಟ ಮಾಲೀಕರ ಮನೆಗಳೂ ಮಾಯವಾಗುತ್ತವೆ. ಎರಡು ಕಾರು ನಿಲ್ಲುವ ಅಂಗಳವಿರುವ ಮನೆಯ ವಯಸ್ಸಾದ ಮಾಲೀಕರು ಮೊಬೈಲಿನಲ್ಲಿ ಆ ಪುಟದ ಕೊನೆ ತನಕ ಹೋಗದೆ ಬಿಟ್ಟಿರಬಹುದು. ಉದ್ಯೋಗ ತಾಣದಲ್ಲಿ ‘ಅನುಭವ’ದ ಕಾಲಂ ಬಿಟ್ಟ ಅಭ್ಯರ್ಥಿಯ ಪಾಡೂ ಅದೇ. ಅವರನ್ನು ಯಾರೂ ತಿರಸ್ಕರಿಸಲಿಲ್ಲ, ಯಾರೂ ನೋಡಲೇ ಇಲ್ಲ. ಬಾಡಿಗೆಯ ಪ್ರಕಾರ ಜೋಡಿಸು ಎಂದರೂ ಹಾಗೆಯೇ. ಎಲಾಸ್ಟಿಕ್‌ಸರ್ಚ್ ಬೇರೇನೂ ಹೇಳದಿದ್ದರೆ ಖಾಲಿ ಇರುವುದನ್ನು ಕೊನೆಗೆ ತಳ್ಳುತ್ತದೆ, ಏರಿಕೆಯಲ್ಲಿ ಜೋಡಿಸಿದರೂ ಕೊನೆಗೆ, ಇಳಿಕೆಯಲ್ಲಿ ಜೋಡಿಸಿದರೂ ಕೊನೆಗೆ. ನಲವತ್ತನೇ ಪುಟದ ತನಕ ಹೋಗುವವರು ಯಾರು?

ಇದನ್ನೇ ತಿರುಗಿಸಿ ಉಪಯೋಗಕ್ಕೆ ಹಚ್ಚುವವರೂ ಇದ್ದಾರೆ. ಖಾಲಿ ಇರುವವನ್ನು ಮೊದಲು ಇಡು ಎಂದು ಜೋಡಣೆಯ ಆಜ್ಞೆ ಬದಲಿಸಿದರೆ ಪ್ರತ್ಯೇಕ ಕ್ವೆರಿಯೇ ಬೇಡ, ತುಂಬಬೇಕಾದ ದಾಖಲೆಗಳು ತಾವಾಗಿ ಮೇಲೆ ಬರುತ್ತವೆ. ವರ್ಷವಾರು ಎಣಿಕೆ ತೋರಿಸುವ ಪಟ್ಟಿಯ ಕೊನೆಗೆ ‘ವರ್ಷವಿಲ್ಲ’ ಎಂಬ ಸಾಲನ್ನೂ ಸೇರಿಸುವ ಆಯ್ಕೆ ಸೋಲರ್‌ನಲ್ಲೂ ಎಲಾಸ್ಟಿಕ್‌ಸರ್ಚ್‌ನಲ್ಲೂ ಉಂಟು. ಓದುಗರ ಕಣ್ಣಿಗೆ ಬೀಳುವಂತೆ ಆ ಸಾಲನ್ನು ತೋರಿಸುವ ಗ್ರಂಥಾಲಯ ತಾಣಗಳನ್ನು ಕಂಡರೆ ನನಗೆ ಗೌರವ. ತಮಗೆ ಗೊತ್ತಿಲ್ಲದ್ದು ಎಷ್ಟೆಂದು ಅವರು ಮುಚ್ಚಿಡುತ್ತಿಲ್ಲ.

ಕನ್ನಡದ ಮಟ್ಟಿಗೆ ಈ ಕಳೆಯುವ ಲೆಕ್ಕ ಈಗಾಗಲೇ ಕೆಲಸದ ಪಟ್ಟಿಯಾಗಿ ಬಳಕೆಗೆ ಸಿಗುತ್ತದೆ. ವಿಕಿಡೇಟಾದ ಹುಡುಕು ಪೆಟ್ಟಿಗೆಯಲ್ಲಿ ‘ಹ್ಯಾಸ್‌ಲೇಬಲ್’ ಎಂಬ ಪದದ ಮುಂದೆ ಕನ್ನಡದ ಸಂಕೇತವಾದ ‘ಕೆಎನ್’ ಬರೆದು, ಮೊದಲಿಗೊಂದು ಕಳೆಯುವ ಚಿಹ್ನೆ ಹಾಕಿದರೆ, ಕನ್ನಡದಲ್ಲಿ ಹೆಸರಿಲ್ಲದ ವಸ್ತುಗಳೆಲ್ಲ ಬರುತ್ತವೆ. ಹಾಗೇ ಬಿಟ್ಟರೆ ಅದು ಸಮುದ್ರ. ಜೊತೆಗೆ ಕರ್ನಾಟಕದ ಹಳ್ಳಿ, ನದಿ, ದೇವಸ್ಥಾನ ಎಂಬಂಥ ಮಿತಿ ಹಾಕಿಕೊಂಡರೆ ಒಂದು ಭಾನುವಾರದಲ್ಲಿ ಕೈಹಚ್ಚಬಹುದಾದ ಕೆಲಸವಾಗುತ್ತದೆ. ತುಂಬಿದ ಮರುಕ್ಷಣವೇ ಅದೇ ಕ್ವೆರಿಯನ್ನು ಓಡಿಸಿದಾಗ ಆ ಊರು ಇನ್ನೂ ‘ಇಲ್ಲದವುಗಳ’ ಪಟ್ಟಿಯಲ್ಲೇ ಕಂಡರೆ ಗಾಬರಿ ಬೇಡ. ಬರೆದದ್ದು ಉಳಿದಿದೆ, ಸೂಚಿ ಇನ್ನೂ ಹೊಸದಾಗಿಲ್ಲ. ಎಲಾಸ್ಟಿಕ್‌ಸರ್ಚ್ ತಾನಾಗಿ ಸೂಚಿಯನ್ನು ಹೊಸದಾಗಿಸುವುದು ಸೆಕೆಂಡಿಗೊಮ್ಮೆ. ದೊಡ್ಡ ತಾಣಗಳಲ್ಲಿ ಬದಲಾವಣೆಗಳು ಸರದಿಯಲ್ಲಿ ನಿಂತು ಬರುವುದರಿಂದ ಇನ್ನಷ್ಟು ತಡವಾಗಬಹುದು. ಆ ನಡುವೆ ಅದೇ ಹೆಸರನ್ನು ಇನ್ನೊಮ್ಮೆ ತುಂಬಲು ಹೋಗದೆ ಪಟ್ಟಿಯ ಮುಂದಿನ ಊರಿಗೆ ಹೋಗಬಹುದು.